ಸಾ ಅಂದರೆ ಸಾಕು

ಮಗಳಿಗೆ ನಾಲ್ಕು ತುಂಬಿತು, ಸಂಗೀತಕ್ಕೆ ಸೇರಿಸೋಣ ಎಂದವಳು ಹೆಂಡತಿ. ಕರೆದುಕೊಂಡು ಹೋಗಬೇಕಾದವನು ನಾನು. ನಮ್ಮ ಮನೆಯಲ್ಲಿ ಕೆಲಸ ಹಂಚಿಕೆಯಾಗುವುದು ಹೀಗೆಯೇ. ಶನಿವಾರ ಮಧ್ಯಾಹ್ನ ಕೊಪ್ಪ ಪೇಟೆಯಲ್ಲಿ ಪಾಠ. ಮಗುವನ್ನು ಒಳಗೆ ಬಿಟ್ಟರೆ ಗೊಬ್ಬರದಂಗಡಿ, ಬ್ಯಾಂಕು, ಒಂದು ಕಾಫಿ, ಕಾಫಿಯ ಜೊತೆಗೆ ಅಡಿಕೆ ಧಾರಣೆಯ ಮಾತು, ಎಲ್ಲ ಒಂದು ಗಂಟೆಯೊಳಗೆ ಮುಗಿದೀತು ಎಂದು ನಾನೂ ಖುಷಿಯಾಗಿಯೇ ಒಪ್ಪಿದ್ದೆ. ಮೊದಲ ದಿನ ಚಪ್ಪಲಿ ಮೆಟ್ಟುತ್ತಿದ್ದವನನ್ನು ಟೀಚರ್ ಕರೆದರು.

"ಎಲ್ಲಿಗೆ ಹೊರಟ್ರಿ? ಒಳಗೆ ಬನ್ನಿ, ಕೂತ್ಕೊಳ್ಳಿ. ನೀವೂ ಹಾಡ್ಬೇಕು."

ಇಲ್ಲಿ ಒಂದು ಹಳೆಯ ಸಂಗತಿ ಹೇಳಲೇಬೇಕು. ನಾನು ಐದನೇ ಕ್ಲಾಸಿನಲ್ಲಿದ್ದಾಗ ವಾರ್ಷಿಕೋತ್ಸವದ ಪ್ರಾರ್ಥನೆಗೆ ಹುಡುಗರನ್ನು ಆರಿಸಿದರು. ತಾಲೀಮಿನ ದಿನ ಮೇಷ್ಟ್ರು ನನ್ನ ಮುಂದೆ ನಿಂತು ಕಿವಿಗೊಟ್ಟು ಕೇಳಿ, "ನೀನು ಹಿಂದಿನ ಸಾಲಿಗೆ ಹೋಗು. ಬಾಯಿ ಮಾತ್ರ ಆಡಿಸು" ಎಂದರು. ಆವತ್ತಿನಿಂದ ಇವತ್ತಿನವರೆಗೆ ನಾನು ಬಾಯಿ ಮಾತ್ರ ಆಡಿಸಿಕೊಂಡೇ ಬಂದವನು. ನಾಡಗೀತೆಗೆ ಬಾಯಿ ಆಡಿಸಿದ್ದೇನೆ, ಗಣಪತಿಯ ಮಂಗಳಾರತಿಗೆ ಬಾಯಿ ಆಡಿಸಿದ್ದೇನೆ. ಊರ ಭಜನೆಯಲ್ಲಿ ತಾಳ ಹಿಡಿದು ಎಷ್ಟು ಚೆನ್ನಾಗಿ ಬಾಯಿ ಆಡಿಸುತ್ತಿದ್ದೆನೆಂದರೆ, ನನ್ನದು ಒಳ್ಳೆಯ ಕಂಠ ಎಂದು ನಂಬಿದವರೂ ಇದ್ದಾರೆ.

ನನಗೆ ಬರುವುದಿಲ್ಲ, ಮಗು ಕಲಿತರೆ ಸಾಕು ಎಂದೆ. ಟೀಚರ್ ಬಿಡಲಿಲ್ಲ. "ಶೃಂಗೇರಿಗೆ ಅಕ್ಷರಾಭ್ಯಾಸಕ್ಕೆ ಕರ್ಕೊಂಡು ಹೋಗಿದ್ರಲ್ಲ, ಅವತ್ತು ಮಗೂನ ಅಲ್ಲಿ ಕೂರಿಸಿ ನೀವು ಕಾಫಿಗೆ ಹೋಗಿದ್ರಾ?"

ಹೋಗಿರಲಿಲ್ಲ. ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಬೆರಳು ಹಿಡಿದು ಅಕ್ಕಿಯಲ್ಲಿ ಬರೆಸಿದ್ದೆ. ಅಕ್ಷರಕ್ಕೆ ಅಪ್ಪನ ಕೈ ಬೇಕು, ಸ್ವರಕ್ಕೆ ಬೇಡವೇ ಎಂಬುದು ಟೀಚರ ವಾದ. ಶೃಂಗೇರಿಯ ಶಾರದೆಯ ಕೈಯಲ್ಲಿರುವುದು ವೀಣೆಯಲ್ಲ, ಗಿಳಿ. ನವರಾತ್ರಿಯಲ್ಲಿ ಒಂದು ದಿನ ವೀಣಾಶಾರದೆಯ ಅಲಂಕಾರವಾಗುತ್ತದೆ, ಅಷ್ಟೆ. ನಾಲ್ಕು ವರ್ಷದವರ ಸಂಗೀತಕ್ಕೂ ಗಿಳಿಯೇ ಸರಿ. ಕೇಳಿದ್ದನ್ನು ತಿರುಗಿ ಹೇಳುವುದೇ ಅವರ ವಿದ್ಯೆ. ಆದರೆ ಗಿಳಿಯ ಎದುರು ಯಾರಾದರೂ ಮಾತಾಡಬೇಕಲ್ಲ!

ಕೂತೆ. ಚಾಪೆಯ ಮೇಲೆ ಹತ್ತು ಮಕ್ಕಳು, ಹತ್ತು ಜನ ದೊಡ್ಡವರು. ನರಸಿಂಹರಾಜಪುರದಿಂದ ಬಸ್ಸಿನಲ್ಲಿ ಬರುವ ಒಬ್ಬ ತಾಯಿ, ಕೊಪ್ಪದ ಔಷಧಿ ಅಂಗಡಿಯವರು, ಶೃಂಗೇರಿ ಕಡೆಯ ಒಬ್ಬ ಅಜ್ಜಿ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಮೊಮ್ಮಗನ ಜೊತೆ ಅಜ್ಜಿಯೇ ಬರುತ್ತಿದ್ದರು. ಆ ಅಜ್ಜಿಗೆ ಸೋಬಾನೆ ಬಾಯಿತುಂಬ ಬರುತ್ತಿತ್ತು. ನಮ್ಮಲ್ಲಿ ಟೀಚರಿಗೂ ಸ್ವಲ್ಪ ಅಂಜಿಕೆ ಇದ್ದದ್ದು ಅವರೊಬ್ಬರ ಹತ್ತಿರವೇ.

ಸರಳೆ ವರಸೆ ಪುರಂದರದಾಸರು ಹಾಕಿಕೊಟ್ಟ ದಾರಿ, ಮಾಯಾಮಾಳವಗೌಳದಲ್ಲಿ ಶುರು ಎಂದು ನಾನೂ ಎಲ್ಲೋ ಓದಿಕೊಂಡು ಹೋಗಿದ್ದೆ. ಇಲ್ಲಿ ಅದೆಲ್ಲ ಇಲ್ಲ. ಒಂದು ತಿಂಗಳು ಬರೀ "ಸಾ". ಆದಿತಾಳದ ಎಂಟು ಎಣಿಕೆಯೂ ನಿಧಾನಕ್ಕೆ. ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಮಗಳ ಕಿರುಬೆರಳು ಒಂಟಿಯಾಗಿ ಏಳುವುದೇ ಇಲ್ಲ, ಪಕ್ಕದವನನ್ನೂ ಎಳೆದುಕೊಂಡೇ ಏಳುತ್ತದೆ. ಕತ್ತಿ ಹಿಡಿದು ಜಡ್ಡುಗಟ್ಟಿದ ನನ್ನದೂ ಅಷ್ಟೆ. ಇಬ್ಬರೂ ಎಡಗೈಯಿಂದ ಬಲಗೈ ಬೆರಳು ಬಿಡಿಸಿಕೊಳ್ಳುತ್ತ ಕೂತಿದ್ದನ್ನು ನೋಡಿ ಟೀಚರ್, "ಬೆರಳು ಬಿಡಿ, ತೊಡೆ ತಟ್ಟಿ ಸಾಕು" ಎಂದರು.

ಎರಡನೇ ವಾರ ಮನೆಯಿಂದ ಒಂದೊಂದು ವಾದ್ಯ ತರಬೇಕೆಂದು ಅಪ್ಪಣೆಯಾಯಿತು. ಕರಟ ಬಂತು, ಸ್ಟೀಲ್ ಲೋಟ ಬಂತು, ಬಡಿಯಲು ಅಡಿಕೆ ಹಾಳೆ ಬಂತು. ನಾನು ಒಯ್ದದ್ದು ಸಿಪ್ಪೆಗೋಟು. ತೋಟದವರಿಗೆ ಗೊತ್ತಿರುತ್ತದೆ: ಹಣ್ಣಡಿಕೆ ಸಿಪ್ಪೆ ಸಮೇತ ಚೆನ್ನಾಗಿ ಒಣಗಿದರೆ ಒಳಗಿನ ಗೋಟು ಸಿಪ್ಪೆ ಬಿಟ್ಟುಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಒಣಗಿದೆಯೋ ಇಲ್ಲವೋ ಎಂದು ನಾವು ನೋಡುವುದೇ ಹಾಗೆ. ಇಷ್ಟು ವರ್ಷ ಅಂಗಳದಲ್ಲಿ ಅಲ್ಲಾಡಿಸಿ ಕೇಳಿದ್ದು ಗಿಲಕಿ ಎಂದು ನನಗೆ ಹೊಳೆದಿರಲಿಲ್ಲ. ಮಗಳು ಎರಡು ಕೈಗೂ ಒಂದೊಂದು ಹಿಡಿದು ಕುಣಿದಳು. ಔಷಧಿ ಅಂಗಡಿಯವರು ಪಕ್ಕಕ್ಕೆ ಬಗ್ಗಿ, "ಈಗಿನ ಧಾರಣೇಲಿ ಸ್ವಲ್ಪ ದುಬಾರಿ ವಾದ್ಯ ಅಲ್ವಾ?" ಎಂದು ಕೇಳಿದರು.

ಇಷ್ಟಾದರೂ ನಾನು ಹಾಡುತ್ತಿರಲಿಲ್ಲ. ಬಾಯಿ ಆಡಿಸುತ್ತಿದ್ದೆ.

ನಮ್ಮ ಸೀಮೆಯ ಕಥೆಗಳಲ್ಲಿ ಸಂಗೀತ ಮಕ್ಕಳನ್ನು ಒಯ್ಯುತ್ತದೆ, ಅಪ್ಪಂದಿರನ್ನು ಬಿಟ್ಟು ಹೋಗುತ್ತದೆ. ಕಿಗ್ಗದ ಋಷ್ಯಶೃಂಗನನ್ನೇ ನೋಡಿ. ಅಪ್ಪ ವಿಭಾಂಡಕನನ್ನು ಬಿಟ್ಟು ಬೇರೆ ಮನುಷ್ಯರ ಮುಖ ಕಾಣದೆ ಬೆಳೆದವನು. ಅಂಗದೇಶದಿಂದ ಬಂದ ಹೆಣ್ಣುಮಕ್ಕಳು ಇಂಪಾಗಿ ಹಾಡಿದರು, ಹುಡುಗ ಹಿಂದೆಯೇ ಹೊರಟ. ಅವನು ಕಾಲಿಟ್ಟ ಕೂಡಲೇ ಅಂಗದೇಶಕ್ಕೆ ಮಳೆ ಬಂತು. ಅಪ್ಪ ಆಶ್ರಮಕ್ಕೆ ಬಂದು ನೋಡಿದರೆ ಮಗನಿಲ್ಲ. ಆ ವಿಭಾಂಡಕ ಲಿಂಗದಲ್ಲಿ ಐಕ್ಯನಾದದ್ದು ಶೃಂಗೇರಿ ಪೇಟೆಯ ನಡುವಿನ ಗುಡ್ಡದ ಮಲಹಾನಿಕರೇಶ್ವರನಲ್ಲಿ ಎನ್ನುತ್ತಾರೆ. ಇನ್ನು ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಬ್ರೌನಿಂಗನ ಕಥೆಯನ್ನು ಕನ್ನಡಕ್ಕೆ ಕರೆತಂದು ಕಿಂದರಿಜೋಗಿಯ ಕೈಗೆ ಕೊಟ್ಟರು. ಅಲ್ಲಿಯೂ ಅಷ್ಟೆ, ಮಕ್ಕಳು ಕುಣಿಯುತ್ತ ಹೊರಟರು, ದೊಡ್ಡವರು ನೋಡುತ್ತ ನಿಂತರು. ಜೊತೆಗೆ ಬನ್ನಿ ಎಂದು ದೊಡ್ಡವರನ್ನು ಯಾರೂ ಕರೆಯಲಿಲ್ಲ.

ಕರೆದವನೊಬ್ಬನಿದ್ದ, ಜಪಾನಿನಲ್ಲಿ. ಶಿನಿಚಿ ಸುಝುಕಿ (1898–1998). ಪಿಟೀಲು ಕಲಿಸುವವನು. ಜಪಾನಿನ ಮಕ್ಕಳೆಲ್ಲ ಜಪಾನಿ ಮಾತಾಡುತ್ತವಲ್ಲ, ಹಾಗೆಯೇ ಸಂಗೀತವೂ ಏಕೆ ಬರಬಾರದು ಎಂದು ಯೋಚಿಸಿ, ಮೊದಲು ತಾಯಿಯ ಕೈಗೆ ಪಿಟೀಲು ಕೊಡುತ್ತಿದ್ದ. ಅಮ್ಮ ಬಾರಿಸುವುದನ್ನು ನೋಡಿ ನೋಡಿ ಮಗುವೇ ನನಗೂ ಬೇಕು ಎಂದು ಹಟ ಹಿಡಿಯಬೇಕು, ಆಮೇಲೆ ಪಾಠ. ಇದನ್ನು ಟೀಚರ್ ಹೇಳಿದಾಗ ಅಜ್ಜಿ, "ನಮ್ಮಲ್ಲೂ ಹಂಗೇ ಅಲ್ವನಾ" ಎಂದರು. ನಿಜವೇ. ದೀಪಾವಳಿಯ ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಆರದಂತೆ ಹಿಡಿದುಕೊಂಡು, ಮನೆಮನೆಯ ಬಾಗಿಲಲ್ಲಿ ನಿಂತು ಹಾಡುತ್ತ ಹೋಗುವಾಗ ಹಿಂದೆ ಹುಡುಗರು ಇದ್ದೇ ಇರುತ್ತಿದ್ದರು. ನಾನೂ ಅಪ್ಪನ ಕಂಬಳಿಯೊಳಗೆ ಅರ್ಧ ನಿದ್ದೆಯಲ್ಲಿ ಹೋಗಿದ್ದೇನೆ. ಅಲ್ಲಿ ಯಾರೂ ನನಗೆ ಬಾಯಿ ಮಾತ್ರ ಆಡಿಸು ಎಂದಿರಲಿಲ್ಲ.

ಜೂನ್ ಬಂತು. ಪಾಠದ ಕೋಣೆಗೆ ತಗಡಿನ ಮಾಡು. ಮಲೆನಾಡಿನ ಮಳೆ ತಗಡಿನ ಮೇಲೆ ಬಿದ್ದರೆ ಪಕ್ಕದವರು ಕೂಗಿದ್ದೂ ಕೇಳುವುದಿಲ್ಲ. ಕರೆಂಟು ಹೋಯಿತು, ಶ್ರುತಿಪೆಟ್ಟಿಗೆ ನಿಂತಿತು. ಟೀಚರ್ ಕೈಸನ್ನೆಯಲ್ಲೇ ಹಾಡಿ ಎಂದರು. ಯಾರಿಗೂ ಕೇಳುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ ನಾನು ಕಣ್ಣು ಮುಚ್ಚಿ, ಹೊಟ್ಟೆಯ ಆಳದಿಂದ "ಸಾ" ಎಂದೆ. ಹಿತವಾಯಿತು. ಇನ್ನೊಮ್ಮೆ ಎಂದೆ. ಉಸಿರಿದ್ದಷ್ಟೂ ಎಳೆದೆ.

ಮಳೆ ಫಕ್ಕನೆ ಹೊಳವಾಯಿತು. ಉಳಿದವರೆಲ್ಲ ಯಾವಾಗಲೋ ನಿಲ್ಲಿಸಿದ್ದರು. ಕೋಣೆಯಲ್ಲಿ ನನ್ನ "ಸಾ" ಒಂದೇ ನಿಂತಿತ್ತು, ಅಂಗಳದಲ್ಲಿ ಕಟ್ಟು ಬಿಚ್ಚಿದ ಎಮ್ಮೆಯ ಹಾಗೆ.

ಯಾರೂ ನಗಲಿಲ್ಲ. ಮಗಳು ಮಾತ್ರ ಗಿಲಕಿ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. "ಅಪ್ಪ, ನಿಂಗೆ ಸೌಂಡ್ ಬರುತ್ತಾ?" ಎಂದಳು.

"ಬರುತ್ತೆ ಕಣೋ ಪುಟ್ಟಾ, ಶ್ರುತಿಗೆ ಅರ್ಧ ಮೈಲಿ ದೂರ ಇದೆ, ಬಂದು ಸೇರುತ್ತೆ" ಎಂದರು ಅಜ್ಜಿ.

ಈಗ ನಮ್ಮ ಮನೆಯಲ್ಲಿ ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕುವಾಗ ಒಂದು ಸಾ, ತೋಟಕ್ಕೆ ಹೊರಡುವಾಗ ಒಂದು ಸಾ. ಹೆಂಡತಿಗೆ ನಾಯಿಯ ಚಿಂತೆ, ನಾನು ಎಳೆದಾಗಲೆಲ್ಲ ಅದೂ ಎಳೆಯುತ್ತದಂತೆ. ಅದರ ಶ್ರುತಿ ನನ್ನದಕ್ಕಿಂತ ವಾಸಿ ಎಂದು ಮಗಳ ಅಭಿಪ್ರಾಯ.

ನಿಮಗೂ ಯಾವತ್ತೋ ಯಾರೋ ಹಿಂದಿನ ಸಾಲಿಗೆ ಹೋಗು ಎಂದಿದ್ದರೆ ಒಂದು ಶನಿವಾರ ಬನ್ನಿ. ಬರುವಾಗ ನಾಲ್ಕು ವರ್ಷದ ಒಂದು ಮಗುವನ್ನು ಮಾತ್ರ ಕರೆತರಲೇಬೇಕು, ಸ್ವಂತದ್ದು ಇಲ್ಲದಿದ್ದರೆ ಅಕ್ಕಪಕ್ಕದ ಮನೆಯದಾದರೂ ಸರಿ. ದೊಡ್ಡವರು ಒಬ್ಬರೇ ಬಂದರೆ ಟೀಚರ್ ಸೇರಿಸಿಕೊಳ್ಳುವುದಿಲ್ಲ.