ರೊಕ್ಕ ಇದ್ದಾಗ ಸೋಲಾಪುರ

ಹೊರ್ತಿಯಲ್ಲಿ ಕಿರಾಣಿ ಅಂಗಡಿ ಇಡುವವನಿಗೆ ಎಂಟೆದೆ ಬೇಕು. ಊರು ಇರುವುದು ವಿಜಯಪುರ–ಸೋಲಾಪುರ ಹೆದ್ದಾರಿಯ ಮೇಲೆ. ಮೊದಲು ಅದರ ನಂಬರು 13, ಈಗ 52. ನಂಬರು ಬದಲಾದರೂ ಬಸ್ಸಿನ ಬುದ್ಧಿ ಬದಲಾಗಿಲ್ಲ. ಈ ಕಡೆ ಹತ್ತಿದರೆ ವಿಜಯಪುರದ ಪೇಟೆ, ಆ ಕಡೆ ಹತ್ತಿದರೆ ಝಳಕಿ, ಧೂಳಖೇಡ, ಭೀಮಾ ನದಿ ದಾಟಿ ಸೋಲಾಪುರದ ಪೇಟೆ. ತಾಲ್ಲೂಕಿನ ಊರು ಇಂಡಿ ಬೇರೆ ಇದೆ. ಲೆಕ್ಕದ ಪ್ರಕಾರ ನಡುವೆ ಕೂತವನು ಎಂದೋ ಬಾಗಿಲು ಹಾಕಬೇಕಿತ್ತು. ಹಾಕಿಲ್ಲ.

ನಗುಮುಖದ ಸೇವೆಯಿಂದ ಅವನು ಉಳಿದ ಎನ್ನುವಂತಿಲ್ಲ. ನಮ್ಮ ಕಡೆ ಅಂಗಡಿಯವರು ಸುಮ್ಮಸುಮ್ಮನೆ ನಗುವುದಿಲ್ಲ. ನಕ್ಕರೆ ಗಿರಾಕಿಯ ಕಣ್ಣು ತಕ್ಕಡಿಯತ್ತ ಹೋಗುತ್ತದೆ. "ಏನ್ ಬೇಕ್ರಿ?" ಎಂದು ಕೇಳಿದ್ದೂ ಬೈದಂತೆ ಕೇಳಿಸಿ, ಬೆಂಗಳೂರಿನಿಂದ ಬಂದ ನೆಂಟರು ಬೆಚ್ಚುತ್ತಾರೆ. ಅದೇ ಮನುಷ್ಯ ಜೋಳ ಕೇಳಿದ ಮುದುಕಿಯ ಮುಂದೆ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು, ಅಂಗೈ ಮೇಲೆ ಹರಡಿ, "ಈ ಜ್ವಾಳ ನಿನಗ ಬ್ಯಾಡ ಯವ್ವಾ. ಮಳ್ಯಾಗ ಸಿಕ್ಕದ್ದು, ಜಿಗಿ ಇಲ್ಲ, ರೊಟ್ಟಿ ಹರೀತಾವ. ಎರಡ ದಿನ ತಡಿ" ಅನ್ನುತ್ತಾನೆ. ಆ ಹೊತ್ತಿನ ವ್ಯಾಪಾರ ಹೋಯಿತು. ಮುದುಕಿ ಮಾತ್ರ ಇನ್ನು ಬೇರೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ, ಸೊಸೆಗೂ ಹತ್ತಗೊಡುವುದಿಲ್ಲ.

ಹಿಟ್ಟಿನ ಗಿರಣಿಗೆ ಹೋಗಿ ನೋಡಿ. ಸಾಲಾಗಿ ಬುಟ್ಟಿ, ಡಬ್ಬಿಗಳು. ಒಂದರ ಮೇಲೂ ಹೆಸರಿಲ್ಲ. ಕಿವಿ ಮುರಿದ ಡಬ್ಬಿ ಯಾರದು, ಹಳೆಯ ಇಳಕಲ್ ಸೀರೆಯ ಚೂರು ಕಟ್ಟಿದ ಬುಟ್ಟಿ ಯಾರದು ಎಂಬುದೆಲ್ಲ ಗಿರಣಿಯವನಿಗೆ ಬಾಯಿಪಾಠ. ಗೋದಿಯ ಹಿಂದೆ ಜೋಳ ಬಂದರೆ ಮೊದಲು ಉದುರುವ ಬೆರಕೆ ಹಿಟ್ಟನ್ನು ಬದಿಗೆ ತೆಗೆಯುತ್ತಾನೆ. ಡಬ್ಬಿ ಎತ್ತಿಕೊಡುವಾಗ, "ಹಿಟ್ಟು ಬಿಸಿ ಐತ್ರಿ ಅಕ್ಕಾರ, ಮುಚ್ಚಳ ತಗದಿಡ್ರಿ, ಬೆವರ್ತೈತಿ" ಎಂಬ ಸೂಚನೆ ಪುಕ್ಕಟೆ. ದೊಡ್ಡ ಪೇಟೆಯ ಮಾಲ್‌ನಲ್ಲಿ ನಮ್ಮ ಮೊಬೈಲ್ ನಂಬರು ಕೇಳುತ್ತಾರೆ. ರೊಟ್ಟಿ ಹೇಗಾಗಿತ್ತು ಎಂದು ಕೇಳುವವರಿಲ್ಲ.

ಗ್ರಾಹಕರ ರಕ್ಷಣೆಗೆ 1986ರಲ್ಲಿ ಕಾಯ್ದೆ ಬಂತು, ಅದರ ಜಾಗಕ್ಕೆ 2019ರಲ್ಲಿ ಹೊಸದು. ಒಳ್ಳೆಯದೇ. ಊರಿನಲ್ಲಿ ಅದಕ್ಕಿಂತ ಹಳೆಯ ಪೀಠವೊಂದಿದೆ, ಕಟ್ಟೆ. ಹುಳುಕು ಬೇಳೆ ಮಾರಿದ ಸುದ್ದಿ ರೇವಣಸಿದ್ಧೇಶ್ವರನ ಗುಡಿ ಮುಟ್ಟುವಷ್ಟರಲ್ಲಿ ವಿಚಾರಣೆಯೂ ತೀರ್ಪೂ ಮುಗಿದಿರುತ್ತವೆ. ಮೇಲ್ಮನವಿಗೆ ಅವಕಾಶವಿಲ್ಲ.

ಇನ್ನು ಉದ್ರಿ. "ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡು ಗೋಡೆಯ ಮೇಲೆ, ಅದರ ಕೆಳಗೇ ದಪ್ಪನೆಯ ಉದ್ರಿ ವಹಿ. ಹೊಲಕ್ಕೆ ತಿಂಗಳ ಪಗಾರವಿಲ್ಲವಲ್ಲ! ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ರಾಶಿ ಫೆಬ್ರುವರಿ–ಮಾರ್ಚಿಗೆ. ಲಿಂಬೆಯ ದರ ಬೇಸಿಗೆಯಲ್ಲಿ ಏರಿ ಮಳೆಗಾಲದಲ್ಲಿ ಬೀಳುತ್ತದೆ. (ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಮಳೆಗಾಲಕ್ಕೆ ಅದು ಗೊತ್ತಾದಂತಿಲ್ಲ.) ನಡುವಿನ ತಿಂಗಳುಗಳ ಎಣ್ಣೆ, ಚಹಾಪುಡಿ, ಮಕ್ಕಳ ನೋಟ್‌ಬುಕ್ಕು ಎಲ್ಲ ವಹಿಯಲ್ಲೇ. ಬ್ಯಾಂಕಿನವರು ಉತಾರ ಕೇಳುತ್ತಾರೆ. ಅಂಗಡಿಯವನು ಕೇಳುವುದು ಒಂದೇ ಪ್ರಶ್ನೆ: "ತೊಗರಿ ಹೂ ಹಿಡದೈತೇನ್ರಿ ಕಾಕಾ?"

ಇಷ್ಟಕ್ಕೆಲ್ಲ ನಾವು ಕೊಡುವ ಮರ್ಯಾದೆ ನೋಡಿ. ಲಿಂಬೆಯ ರೊಕ್ಕ ಕೈಗೆ ಬಂದ ಮರುದಿನ ಇಸ್ತ್ರಿ ಅಂಗಿ ತೊಟ್ಟು ಸೋಲಾಪುರದ ಬಸ್ಸು ಹತ್ತುತ್ತೇವೆ. ಚಾದರದ ಜೊತೆ ಸಕ್ಕರೆ, ಬೇಳೆಯನ್ನೂ ಹೇರಿಕೊಂಡು ಬಂದು, ಅಂಗಡಿಯ ಮುಂದೆ ಹಾಯಲಾರದೆ ಹಿಂದಿನ ಓಣಿ ಹಿಡಿಯುತ್ತೇವೆ. ರೊಕ್ಕ ಇದ್ದಾಗ ಸೋಲಾಪುರ, ಇಲ್ಲದಾಗ ಹೊರ್ತಿ. ಅವನಿಗೆ ಎಲ್ಲ ಗೊತ್ತು. ಮರುದಿನ ಹೋದರೆ, "ಚಹಾಪುಡಿ ಅಲ್ಲಿಂದ ತರೂದು ಮರ್ತ್ರೇನ್ರಿ?" ಎಂದಷ್ಟೇ ಕೇಳಿ ಪುಡಿಕೆ ಕಟ್ಟಿಕೊಡುತ್ತಾನೆ.

ಸೋಲಾಪುರಕ್ಕೆ ಹೋಗಿ, ಚಾದರ ತನ್ನಿ. ಅದನ್ನು ಹೊರ್ತಿಯಲ್ಲಿ ನೇಯುವುದಿಲ್ಲ. ಸಕ್ಕರೆ ಮಾತ್ರ ಊರಲ್ಲೇ ಕೊಳ್ಳಿ, ನಗದು ಕೊಟ್ಟು ಕೊಳ್ಳಿ. ರಾಶಿ ಮುಗಿದಿದ್ದರೆ ಹಳೆಯ ಬಾಕಿಯನ್ನೂ ತೀರಿಸಿ ಬನ್ನಿ.