ಹೋಗುವ ಮುಂಚೆ ಬಂದ ಕರೆಂಟು

ನಮ್ಮ ಬಡಾವಣೆಯಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ. ಎಷ್ಟು ಹೊತ್ತಿಗೆ ಹೋಯಿತು ಎನ್ನುವುದೇ ಜಗಳ. ನಾನು ಹತ್ತೂವರೆ ಎಂದರೆ ನನ್ನಾಕೆ, “ಇಲ್ಲಾರೀ, ಹತ್ತೂ ಮುಕ್ಕಾಲು. ಅರ್ಧ ಹಿಟ್ಟು ಇನ್ನೂ ಗ್ರೈಂಡರಿನಲ್ಲೇ ಇತ್ತು” ಎನ್ನುತ್ತಾಳೆ. ಹಿಟ್ಟೇ ಸಾಕ್ಷಿ ಹೇಳುವಾಗ ನನ್ನ ಮಾತು ನಡೆಯುವುದುಂಟೇ?

ನಾನೂ ಒಬ್ಬ ಸಾಕ್ಷಿಯನ್ನು ನೇಮಿಸಿಕೊಂಡೆ. ರಾಸ್ಪ್‌ಬೆರಿ ಪೈ, ನಾಲ್ಕನೆಯ ತಲೆಮಾರಿನದು, ಅಂಗೈಯಗಲದ ಕಂಪ್ಯೂಟರು. ಅದರೊಳಗಿನ ಕ್ರಾನ್ ಎಂಬ ಗುಮಾಸ್ತನಿಗೆ ಒಂದೇ ಸಾಲಿನ ಅಪ್ಪಣೆ: ಐದು ನಕ್ಷತ್ರ, ಡೇಟ್ ಕಮ್ಯಾಂಡು, ಎರಡು ಬಾಣ, ಫೈಲಿನ ಹೆಸರು. ನಿಮಿಷಕ್ಕೊಮ್ಮೆ ಎದ್ದು, ಗಡಿಯಾರ ನೋಡಿ, ಫೈಲಿನ ಕೊನೆಗೆ ವೇಳೆ ಬರೆದು ಮಲಗು ಎಂದರ್ಥ. ಬಾಣ ಎರಡೇ ಇರಬೇಕು. ಒಂದು ಹಾಕಿದರೆ ಹಿಂದಿನದನ್ನೆಲ್ಲ ಒರೆಸಿಹಾಕಿ ಬರೆಯುತ್ತದೆ. ಡೇಟ್‌ಗೆ ಬೇಕಾದ ಶೇಕಡಾ ಚಿಹ್ನೆ ಕಂಡರೆ ಕ್ರಾನ್ ಮಹಾಶಯ ಸಾಲು ಅಲ್ಲಿಗೇ ಮುಗಿಯಿತೆಂದು ಕೈಕಟ್ಟಿ ಕೂರುತ್ತಾನೆ. ಪ್ರತಿ ಶೇಕಡಾಕ್ಕೂ ಮುಂದೆ ಒಂದು ಓರೆಗೆರೆಯ ಕಾವಲು ಬೇಕು. ಈ ನಿಯಮ ಮಾಡಿದವರ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ದಿನಕ್ಕೆ 1440 ಸಾಲು, ಸಾಲಿಗೆ 20 ಬೈಟು. ವರ್ಷವಿಡೀ ಬರೆದರೂ ಒಂದು ಕೋಟಿ ಐದು ಲಕ್ಷ ಬೈಟು ಚಿಲ್ಲರೆ. ಮೊಬೈಲಿನ ಮೂರ್ನಾಲ್ಕು ಫೋಟೋಗಳ ಜಾಗ. ತಮಾಷೆಯೆಂದರೆ, ಬರೆದ ಸಾಲುಗಳಿಗೆ ಕವಡೆ ಕಿಮ್ಮತ್ತಿಲ್ಲ. ಕರೆಂಟು ಹೋದರೆ ಡಬ್ಬಿಯೂ ಆರುತ್ತದೆ, ಬರೆಯದೆ ಬಿಟ್ಟ ನಿಮಿಷಗಳೇ ನನ್ನ ದಾಖಲೆ. ಹಾಗಾಗಿ ಮನೆಗೆ ಯುಪಿಎಸ್ ಬಂದಾಗ ಡಬ್ಬಿಗೂ ರೂಟರಿಗೂ ಅದನ್ನು ಕೊಡಬೇಡಿ ಎಂದು ಎಲೆಕ್ಟ್ರಿಷಿಯನ್‌ಗೆ ಕೈಮುಗಿದೆ. “ಮನೇಲಿ ಎಲ್ಲರಿಗೂ ಫ್ಯಾನು, ಅದಕ್ಕೆ ಮಾತ್ರ ಉಪವಾಸ” ಎಂದು ನನ್ನಾಕೆ ಮರುಗಿದಳು.

ಕತ್ತಲಲ್ಲಿ ಕೂತಿರುವಾಗಲೇ ‘ನಿಮ್ಮ ದೂರನ್ನು ಬಗೆಹರಿಸಲಾಗಿದೆ’ ಎಂಬ ಸಂದೇಶ ಬಂದ ದಿನ ನನ್ನ ತಾಳ್ಮೆ ತಪ್ಪಿತು. ಮದುವೆಯ ಕರೆಯೋಲೆ ಕಟ್ಟಿನಷ್ಟು ಪ್ರಿಂಟು ತೆಗೆದು ವಿದ್ಯುತ್ ಕಚೇರಿಗೆ ಹೋದೆ. ಎಂಜಿನಿಯರ್ ಸಾಹೇಬರು ಕನ್ನಡಕ ಏರಿಸಿ, ಪೆನ್ನಿನ ತುದಿಯನ್ನು ಸಾಲುಸಾಲಿನ ಮೇಲೂ ಇಳಿಸುತ್ತಾ ಬಂದರು. 10:40. 10:41. 10:42. ಪೆನ್ನು ನಿಂತಿತು. ಅದರ ಕೆಳಗೆ 10:18. ಆಮೇಲೆ 10:19, 10:20. ಆಮೇಲೆ ಒಂದೇ ನೆಗೆತಕ್ಕೆ 11:53.

“ಸಾರ್, ಇದರ ಪ್ರಕಾರ 10:42ಕ್ಕೆ ಹೋದ ಕರೆಂಟನ್ನ 10:18ಕ್ಕೇ ಕೊಟ್ಟುಬಿಟ್ಟಿದೀವಿ. ಹೋಗೋಕಿಂತ 24 ನಿಮಿಷ ಮುಂಚೆ.” ಪಕ್ಕದ ಮೇಜಿನವರನ್ನು ಕರೆದು ತೋರಿಸಿದರು. ಅವರು ಚಹಾದ ಹುಡುಗನಿಗೆ ತೋರಿಸಿದರು. ಅವನೂ ಬೆರಳಿಟ್ಟು ಲೆಕ್ಕ ಹಾಕಿ, “ಹೌದಲ್ಲ!” ಎಂದ.

ನಾನು ಎದೆಯುಬ್ಬಿಸಿ ಪಾಠ ಶುರುಮಾಡಿದೆ. ಈ ಡಬ್ಬಿಗೆ ಗಡಿಯಾರದ ಬ್ಯಾಟರಿ ಇಲ್ಲ. ಗಂಟೆಗೊಮ್ಮೆ, 17ನೇ ನಿಮಿಷಕ್ಕೆ, ವೇಳೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕರೆಂಟು ಬಂದು ಎಚ್ಚರವಾದರೆ ಚೀಟಿ ನೋಡಿ, ಓಹೋ 10:17 ಎಂದು ಅಲ್ಲಿಂದಲೇ ಬಾಳು ಮುಂದುವರಿಸುತ್ತದೆ. ರೂಟರು ಕಣ್ಣುಜ್ಜಿಕೊಂಡು ಎದ್ದು, ಇಂಟರ್ನೆಟ್ಟಿನಿಂದ ನಿಜವಾದ ಹೊತ್ತು ತಂದುಕೊಟ್ಟ ಮೇಲೆಯೇ ಅದಕ್ಕೆ ಜ್ಞಾನೋದಯ. ಚೀಟಿಯೂ ಇಲ್ಲದ ಯಂತ್ರಗಳು ಸೀದಾ 1970ರ ಜನವರಿ 1ಕ್ಕೆ, ಯುನಿಕ್ಸ್‌ನವರ ಯುಗಾದಿಗೆ, ಜಾರುವುದೂ ಉಂಟು. ನಮ್ಮ ಲೆಕ್ಕದಲ್ಲಿ ಬೆಳಗಿನ 5:30, ಸುಪ್ರಭಾತದ ಹೊತ್ತು. ಈ ವೇಳೆಗೆ ಚಹಾದ ಹುಡುಗನೊಬ್ಬನೇ ಕೇಳುತ್ತಿದ್ದ.

ಕೊನೆಯ ಹಾಳೆಯನ್ನು ಸಾಹೇಬರ ಮುಂದಿಟ್ಟೆ. ಬೆಳಗಿನ ಜಾವ 2:06ರ ನಂತರ, ಆ ಹಿಂದುಮುಂದಾದ ಮೂರು ಸಾಲು ಬಿಟ್ಟರೆ, 4:51ರವರೆಗೆ ಏನೂ ಇಲ್ಲ. ಕೆಳಮನೆಯ ಅಜ್ಜಿಗೆ ಆಕ್ಸಿಜನ್ ಯಂತ್ರ ಹಾಕಿದ್ದಾರೆ. ಆ ಹೊತ್ತಿನಲ್ಲಿ ಅವರ ಮಗ ಸ್ಕೂಟರಿನಲ್ಲಿ ಸಿಲಿಂಡರ್ ಹುಡುಕುತ್ತಿದ್ದ ಎಂದೆ. ಅವರು ನಗಲಿಲ್ಲ. ಟ್ರಾನ್ಸ್‌ಫಾರ್ಮರಿನ ನಂಬರು ಕೇಳಿ ಬರೆದುಕೊಂಡರು. ಲೈನ್‌ಮನ್‌ಗೆ ಫೋನ್ ಮಾಡಿ ಸ್ವಲ್ಪ ಜೋರಾಗಿಯೇ ಮಾತಾಡಿದರು.

ಎದ್ದು ಹೊರಟಾಗ ಬಾಗಿಲವರೆಗೂ ಬಂದು ದನಿ ತಗ್ಗಿಸಿದರು: “ಆ ಡಬ್ಬಿಗೆ ಎಷ್ಟಾಯ್ತು ಸಾರ್? ನಮ್ಮ ಕ್ವಾರ್ಟರ್ಸಲ್ಲೂ ಇದೇ ಗೋಳು.”

“ಹಾಕಿಸಿಕೊಳ್ಳಿ ಸಾರ್. ಆದರೆ ಪ್ರತಿ ಸಾಲಿಗೂ ಅಪ್‌ಟೈಮ್ ಸೇರಿಸಿ, ಡಬ್ಬಿ ಎದ್ದು ಎಷ್ಟು ಸೆಕೆಂಡಾಯಿತು ಅಂತ. ಇಲ್ಲದಿದ್ದರೆ ನಿಮ್ಮ ಆಫೀಸಿನವರು ನಿಮ್ಮ ದೂರನ್ನೇ ನಂಬೋದಿಲ್ಲ.”