ಒಂದೇ ಲಸಿಕೆ, ಎರಡು ಜಾತಿ

ಲಂಡನ್, 2021ರ ಅಕ್ಟೋಬರ್ 8. ಮೈಸೂರಿನಿಂದ ಬಂದಿಳಿದ ಸೋದರಮಾವ ರೂಮಿನೊಳಗೆ, ಅಳಿಯ ಬಾಗಿಲಾಚೆ. ಹೊಸ್ತಿಲ ಮೇಲೆ ಮುಚ್ಚಿಟ್ಟ ತಟ್ಟೆ.

“ಎರಡೂ ಡೋಸ್ ಕೋವಿಶೀಲ್ಡ್ ಆಗಿದೆಯಲ್ಲೋ. ಮತ್ಯಾಕೆ ಹತ್ತು ದಿನ ಸೆರೆವಾಸ?”

“ಇವರ ಲೆಕ್ಕದಲ್ಲಿ ನಿಮಗೆ ಲಸಿಕೆಯೇ ಆಗಿಲ್ಲ, ಮಾವ.”

“ಹಾಗಾದ್ರೆ ತೋಳು ನೋಯ್ತಲ್ಲ, ಅದೇನು?”

“ಲಸಿಕೆ ಸರಿಯಂತೆ. ಸರ್ಟಿಫಿಕೇಟ್ ಆಗೋಲ್ಲವಂತೆ.”

“ನೀನು ಹಾಕಿಸ್ಕೊಂಡಿದ್ದು?”

“ಆಸ್ಟ್ರಾಜೆನೆಕಾ. ಎರಡೂ ಒಂದೇ. ಈ ದೇಶಕ್ಕೂ ಪುಣೆಯಿಂದ 50 ಲಕ್ಷ ಡೋಸ್ ಬಂದಿತ್ತು, ನಂದು ಅದರಲ್ಲೇ ಇದ್ದರೂ ಇರಬಹುದು.”

“ಅಂದ್ರೆ ಲಸಿಕೆ ಬಾಟ್ಲಿಯಲ್ಲಿ ಬಂದ್ರೆ ಮಡಿ, ನನ್ನ ತೋಳಲ್ಲಿ ಬಂದ್ರೆ ಮೈಲಿಗೆ! ನಮ್ಮ ಸರ್ಕಾರ ಸುಮ್ನಿದೆಯಾ?”

“ಅಲ್ಲಿಗೆ ಹೋಗೋ ಬ್ರಿಟಿಷರಿಗೂ ಹತ್ತು ದಿನ ಹಾಕಿದ್ದಾರೆ.”

“ಭೇಷ್! ಅದರಿಂದ ನನ್ನ ಬಾಗಿಲು ತೆಗೀತಾ?”

“ಸೋಮವಾರದಿಂದ ಬರೋರಿಗೆ ವಿನಾಯಿತಿ ಕೊಟ್ಟಿದ್ದಾರೆ.”

“ಬಂದು ಕೂತೋರಿಗೆ?”

“ಎಂಟನೇ ದಿನ ಇನ್ನೊಂದು ಟೆಸ್ಟು. ದುಡ್ಡು ನಮ್ಮದೇ.”

(ರೂಪಾಯಿಗೆ ಲೆಕ್ಕ ಹಾಕಿ ಹೇಳುವಷ್ಟು ಕ್ರೂರಿಯಲ್ಲ ಅಳಿಯ.)

ಒಳಗೆ ಫೋನು ಬಡಿದುಕೊಂಡಿತು.

“ಯಾರು ಮಾವ?”

“ಮನೇಲೇ ಇದ್ದೀರಾ ಅಂತ ವಿಚಾರಿಸ್ತಿದ್ದಾರೆ.”

“ಏನಂದ್ರಿ?”

“ನಿಮ್ಮ ರಾಣಿ ಕಾಫಿಗೆ ಕರೆದಿದ್ರು, ನಾನೇ ಬರೋಲ್ಲ ಅಂದೆ ಅಂತ ಹೇಳ್ದೆ.”